ಮರಳುಕಾಡಿನಲ್ಲಿ ನಾನಾ ಜಾತಿಯ ಸಸ್ಯಗಳು ಉಳಿಯುವ ಬಗೆ

ಮರಳುಕಾಡಿನಲ್ಲಿ ಎಷ್ಟು ಜಾತಿಯ ಸಸ್ಯಗಳು ಬೆಳೆಯುವುವೆಂಬುದು ಮಳೆಯೊಂದರಿಂದಲೇ ನಿರ್ಧಾರವಾಗುವುದೆಂದು ಜನರು ಭಾವಿಸುವುದುಂಟು. ಇದು ಅರ್ಧ ಮಾತ್ರ ನಿಜ. ರಾಜಸ್ಥಾನದ ಥಾರ್ ಮರಳುಕಾಡನ್ನು ಪರಿಶೀಲಿಸಿದರೆ ಮಳೆಯಲ್ಲದೆ ನೆಲ, ಮರ, ದನಕರು, ಮನುಷ್ಯ ಇವೆಲ್ಲವೂ ಕಾರಣಗಳೆಂದು ಗೊತ್ತಾಗುವುದು. ಗೋಮಾಳವನ್ನು ನಂಬಿ ದನ ಸಾಕುವ ಹಿಡುವಳಿದಾರರೂ ಗ್ರಾಮದ ಮುಖಂಡರೂ ಇದನ್ನು ತಿಳಿದಿರುವುದು ಅವಶ್ಯಕ. ಬಹುಜಾತಿಯ ಸಸ್ಯಗಳಿರುವ ನೆಲದಲ್ಲಿ ಬರಗಾಲದಲ್ಲಿಯೂ ಯಾವುದಾದರೊಂದು ಮೇವು ಉಳಿದಿರುವುದು. ಒಂದೇ ಜಾತಿಯಿದ್ದಲ್ಲಿ ಅದು ಕೆಟ್ಟರೆ ಎಲ್ಲವೂ ಕೆಟ್ಟಂತೆಯೇ.

1. ಮಳೆ.— ಥಾರ್ ಪ್ರದೇಶದ ಪೂರ್ವದಂಚಿನಲ್ಲಿ ವರ್ಷಕ್ಕೆ ಸುಮಾರು 20 ಅಂಗುಲ ಮಳೆಯಾದರೆ, ಪಶ್ಚಿಮದ ಕಡೆಯಲ್ಲಿ ಸುಮಾರು 4 ಅಂಗುಲ ಮಾತ್ರ. ಇದರಲ್ಲಿ ಬಹುಭಾಗವು ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬೀಳುವುದು. ಅದೂ ವರ್ಷದಿಂದ ವರ್ಷಕ್ಕೆ ಬಹಳ ಹೆಚ್ಚುಕಡಿಮೆಯಾಗುವುದು. ಮರಳುಕಾಡಿನ ಅನೇಕ ಅಲ್ಪಾಯುಷಿ ಗಿಡಗಳ ಬೀಜಗಳು ಮೊದಲ ಮಳೆಗೆಲ್ಲಾ ಒಟ್ಟಿಗೆ ಮೊಳೆಯುವುದಿಲ್ಲ. ಮನೆಯ ಬಿತ್ತನೆಬೀಜವನ್ನೆಲ್ಲಾ ಒಂದೇ ಹದಕ್ಕೆ ಸುರಿಯದ ಜಾಣ ಒಕ್ಕಲಿಗನಂತೆ, ಅವು ಕೆಲವು ಬೀಜಗಳನ್ನು ಮಣ್ಣಿನಲ್ಲಿಯೇ ಮುಂದಿನ ವರ್ಷಗಳಿಗೆ ಕಾದಿರಿಸುವುವು. ಒಂದು ವರ್ಷ ಒಂದು ಜಾತಿಗೂ ಇನ್ನೊಂದು ವರ್ಷ ಮತ್ತೊಂದಕ್ಕೂ ಅನುಕೂಲವಾಗುವುದರಿಂದ ಅನೇಕ ಜಾತಿಗಳು ಒಂದೇ ನೆಲದಲ್ಲಿ ಬಾಳುವುವು.

2. ನೆಲ.— ಜೇಡಿಮಣ್ಣಿನಲ್ಲಿ ಅಲ್ಪ ಮಳೆಯ ನೀರು ಮೇಲ್ಪದರದಲ್ಲಿಯೇ ನಿಂತು ಬಿಸಿಲಿಗೆ ಆರಿಹೋಗುವುದು. ಮರಳಿನಲ್ಲಾದರೋ ನೀರು ಬೇಗನೆ ಆಳಕ್ಕಿಳಿದು, ಮೇಲಿನ ಒಣ ಮರಳಿನ ಮರೆಯಲ್ಲಿ ಉಳಿಯುವುದು. ಆದ್ದರಿಂದ ಮರಳುದಿಬ್ಬಗಳಲ್ಲಿ ಆಳವಾದ ಬೇರುಳ್ಳ ಫೋಗ್ ಪೊದೆಯೂ ಸೇವಣ್ ಹುಲ್ಲೂ, ಕಲ್ಲುನೆಲದಲ್ಲಿ ಕಳ್ಳಿಯ ಜಾತಿಯೂ, ಚೌಳುನೆಲದಲ್ಲಿ ಉಪ್ಪನ್ನು ಸಹಿಸುವ ರಸಭರಿತ ಗಿಡಗಳೂ ಬೆಳೆಯುವುವು.

3. ಮರ.— ಅಲ್ಲಿನ ಜನರು ಖೇಜಡಿ ಎಂದು ಕರೆಯುವ ಮರವು ನಮ್ಮ ಬನ್ನಿಮರವೇ ಆಗಿರುತ್ತದೆ. ಇದರ ನೆರಳಿನಲ್ಲಿ ಬಿಸಿಲಿನ ತಾಪ ತಗ್ಗುವುದು. ಉದುರಿದ ಎಲೆಗಳಿಂದ ಮಣ್ಣಿನ ಸಾರ ಹೆಚ್ಚುವುದು. ಬಯಲಿನಲ್ಲಿ ಬಾಳದ ಗಿಡಗಳೂ ಇದರಡಿಯಲ್ಲಿ ಬದುಕುವುವು. ಸಜ್ಜೆಯ ಬೆಳೆಯೂ ಚೆನ್ನಾಗಿ ಬರುವುದು. ಸೊಪ್ಪು ಮೇವಿಗೂ ಕಾಯಿ ಪಲ್ಯಕ್ಕೂ ಉಪಯೋಗ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿ ಗ್ರಾಮದಲ್ಲಿ ಈ ಮರಗಳನ್ನು ಉಳಿಸಲು ಬಿಷ್ಣೋಯಿ ಜನರು 363 ಮಂದಿ ಪ್ರಾಣ ಕೊಟ್ಟರೆಂದು ಪ್ರಸಿದ್ಧಿಯಿದೆ.

4. ದನಕರು.— ಮಿತವಾದ ಮೇವಿನಿಂದ ಹುಲ್ಲುಗಾವಲು ಕೆಡುವುದಿಲ್ಲ. ಬಿಡುವಿಲ್ಲದೆ ಮೇಯಿಸಿದರೆ ಬಹುವರ್ಷ ಬಾಳುವ ಸೇವಣ್ ಹುಲ್ಲು ನಶಿಸಿ, ದನಗಳು ಮುಟ್ಟದ ಎಕ್ಕ ಮುಂತಾದ ಗಿಡಗಳು ನೆಲವನ್ನಾಕ್ರಮಿಸುವುವು.

5. ಹೊರಗಿನ ಗಿಡ.— ನಾವು ಬಳ್ಳಾರಿ ಜಾಲಿ ಎನ್ನುವ ಗಿಡವು ಅಮೆರಿಕಾ ಖಂಡದ್ದು. ಜೋಧಪುರ ಸಂಸ್ಥಾನದಲ್ಲಿ 1913ರಲ್ಲಿ ಇದನ್ನು ತಂದು ನೆಡಲಾಯಿತು. 1940ರಲ್ಲಿ ರಾಜವೃಕ್ಷವೆಂದು ಸಾರಲಾಯಿತು. ಮರಳನ್ನು ತಡೆಯುವುದಕ್ಕೂ ಸೌದೆಗೂ ಇದು ಒದಗಿದ್ದು ನಿಜ. ಆದರೆ ದನಗಳು ಕಾಯಿ ತಿಂದು ಸಗಣಿಯ ಮೂಲಕ ಬೀಜವನ್ನು ಎಲ್ಲೆಡೆಗೂ ಹರಡಿದುವು; ಕಡಿದ ಬುಡದಿಂದ ಮತ್ತೆ ಚಿಗುರಿ ದಟ್ಟವಾದ ಮೆಳೆಗಳಾದುವು. ಅವುಗಳ ಅಡಿಯಲ್ಲಿ ಸ್ಥಳೀಯ ಹುಲ್ಲುಗಳು ಕ್ಷೀಣಿಸಿದುವು. ಹಸುರು ಹೆಚ್ಚಿದ ಮಾತ್ರಕ್ಕೆ ಮೇವು ಹೆಚ್ಚಿತೆಂದು ತಿಳಿಯಬಾರದೆಂಬುದಕ್ಕೆ ಇದೇ ನಿದರ್ಶನ.

ನಮ್ಮ ಒಣಸೀಮೆಗಳು ಮರಳುಕಾಡಲ್ಲ. ಆದರೂ ಬನ್ನಿ, ಜಾಲಿ ಎರಡೂ ಇಲ್ಲಿಯೂ ಇವೆ. ಆದಕಾರಣ ಗ್ರಾಮಸ್ಥರು ಈ ಕ್ರಮಗಳನ್ನು ಅನುಸರಿಸತಕ್ಕದ್ದು:

(ಅ) ಹೊಲದ ಬದುಗಳಲ್ಲಿರುವ ಬನ್ನಿಮರಗಳನ್ನು ಬುಡಸಹಿತ ಕಡಿಯದೆ, ಸೊಪ್ಪನ್ನು ಮಾತ್ರ ಮಿತವಾಗಿ ಸವರಿಕೊಳ್ಳುವುದು.

(ಆ) ಗೋಮಾಳವನ್ನು ಭಾಗಗಳಾಗಿ ಮಾಡಿ, ಮಳೆಗಾಲದಲ್ಲಿ ಸರದಿಯ ಮೇಲೆ ಒಂದೊಂದು ಭಾಗಕ್ಕೆ ದನ ಬಿಡದೆ ಹುಲ್ಲು ಬೀಜ ಕಟ್ಟಿ ಉದುರುವವರೆಗೆ ಕಾಯುವುದು.

(ಇ) ಬಳ್ಳಾರಿ ಜಾಲಿಯ ಸಸಿಗಳನ್ನು ಎಳೆಯದಾಗಿರುವಾಗಲೇ ಬೇರುಸಹಿತ ಕೀಳುವುದು.

(ಈ) ಬೀಳುನೆಲದಲ್ಲಿ ಒಂದೇ ಜಾತಿಯ ಮರವನ್ನು ತುಂಬದಿರುವುದು.

ಈ ಕೆಲಸಗಳಿಗೆ ಹಣದ ಖರ್ಚು ಅಲ್ಪ, ಊರಿನ ಒಗ್ಗಟ್ಟೇ ಮುಖ್ಯ. ಒಬ್ಬನು ಕಾದ ಹುಲ್ಲನ್ನು ಮತ್ತೊಬ್ಬನು ಮೇಯಿಸಿದರೆ ಪ್ರಯೋಜನವಿಲ್ಲ. ಆದುದರಿಂದ ಮುಖಂಡರು ಮುಂಗಾರಿಗೆ ಮುಂಚಿತವಾಗಿಯೇ ಊರವರನ್ನು ಸೇರಿಸಿ ಸರದಿಯನ್ನು ನಿಷ್ಕರ್ಷೆ ಮಾಡುವುದು ಮೇಲು.