ಹುಡುಕಿ ಬಂದವರಿಗೆ ಸರಿಯಾದ ಕೈಪಿಡಿ ಸಿಗಲು ಏಳು ಸೂತ್ರಗಳು

ಯಾದಗಿರಿಯ ಅಡತ್ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೀರಿ ಎನ್ನಿ. ಈಗ ಓಡುತ್ತಿರುವುದು ಮೂರನೇ ಆವೃತ್ತಿ. ಗುಮಾಸ್ತ ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದು ಮಾತ್ರ ಮೊದಲನೇ ಆವೃತ್ತಿಯ ಕೈಪಿಡಿ. ಅದರಲ್ಲಿ ಹೇಳಿದ ಬಟನ್ ಅವನ ಪರದೆಯಲ್ಲಿಲ್ಲ. ಆಮೇಲೆ ಫೋನ್ ಹಚ್ಚುವುದು ನಿಮಗೇ.

1. ಚಾಲ್ತಿ ಕೈಪಿಡಿಗೆ ಬದಲಾಗದ ವಿಳಾಸ ಕೊಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರ ‘ಕರೆಂಟ್’ ವಿಳಾಸ ಯಾವತ್ತೂ ಚಾಲ್ತಿ ಆವೃತ್ತಿಗೇ ಒಯ್ಯುತ್ತದೆ. ಹುಡುಕಾಟದಲ್ಲಿ ಹಳೆಯ ಪುಟ ಮುಂದೆ ನಿಲ್ಲುವುದು ವರ್ಷಗಟ್ಟಲೆ ಅದಕ್ಕೆ ಸೇರಿದ ಲಿಂಕ್‌ಗಳ ಬಲದಿಂದ. ಆ ಬಲ ಒಂದೇ ವಿಳಾಸಕ್ಕೆ ಸೇರಲಿ.

2. ಹಳೆಯ ಪುಟಕ್ಕೆ ಕೆನಾನಿಕಲ್ ಗುರುತು ಹಾಕಿ. ಗೂಗಲ್, ಯಾಹೂ, ಮೈಕ್ರೋಸಾಫ್ಟ್ 2009ರಲ್ಲೇ ಒಟ್ಟಿಗೆ ಒಪ್ಪಿಕೊಂಡ ಗುರುತಿದು: ಈ ವಿಷಯದ ಮುಖ್ಯ ಪುಟ ಅಲ್ಲಿದೆ ಎಂದು ಹೇಳುತ್ತದೆ. ರಸೀದಿಯ ಹಳೆ ಪುಟ ರಸೀದಿಯ ಹೊಸ ಪುಟವನ್ನೇ ತೋರಿಸಬೇಕು, ಮುಖಪುಟವನ್ನಲ್ಲ. ಇದು ಸಲಹೆಯಷ್ಟೇ, ಎರಡು ಪುಟಗಳು ತೀರಾ ಬೇರೆಯಾಗಿದ್ದರೆ ಗೂಗಲ್ ಕಿವಿಗೆ ಹಾಕಿಕೊಳ್ಳದೇ ಇರಬಹುದು.

3. ಹಳೆಯದನ್ನು ಅಳಿಸಬೇಡಿ. ಸುರಪುರದ ಯಾವುದೋ ಅಂಗಡಿಯಲ್ಲಿ ಮೊದಲನೇ ಆವೃತ್ತಿಯೇ ಓಡುತ್ತಿರಬಹುದು. ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಅದರ ಕೈಪಿಡಿ ಇಂದಿಗೂ ಇದೆ.

4. ಎಚ್ಚರಿಕೆಯ ಪಟ್ಟಿ ಪ್ರತಿ ಹಳೆಯ ಪುಟದ ನೆತ್ತಿಯ ಮೇಲಿರಲಿ. ಹುಡುಕಿ ಬಂದವನು ನೇರ ನಡುಮನೆಗೇ ಇಳಿದಿರುತ್ತಾನೆ, ಬಾಗಿಲ ಬಳಿಯ ಬೋರ್ಡ್ ನೋಡಿರುವುದಿಲ್ಲ. ವೆಬ್ ಚೌಕಟ್ಟು ಜಾಂಗೊದ ಬೆಂಬಲ ಮುಗಿದ ಆವೃತ್ತಿಯ ಕೈಪಿಡಿಯಲ್ಲಿ ಯಾವ ಪುಟ ತೆರೆದರೂ ‘ಇದು ಸುರಕ್ಷಿತವಲ್ಲ’ ಎಂಬ ಪಟ್ಟಿ ಕಾಣುತ್ತದೆ. ಅಷ್ಟು ಖಡಕ್ಕಾಗಿಯೇ ಬರೆಯಿರಿ.

5. ಯಾವ ಪುಟ ಓದಬಾರದೆಂದು ಹುಡುಕುಯಂತ್ರಕ್ಕೆ ಹೇಳುವ ರೋಬೋಟ್ಸ್ ಕಡತದಿಂದ ಹಳೆಯದಕ್ಕೆ ಬೇಲಿ ಹಾಕಬೇಡಿ. ಗೂಗಲ್ ಆ ಪುಟ ಓದುವುದನ್ನು ಬಿಡುತ್ತದೆಯೇ ಹೊರತು ಹುಡುಕಾಟದ ಪಟ್ಟಿಯಿಂದ ತೆಗೆಯುತ್ತದೆಂಬ ಖಾತ್ರಿಯಿಲ್ಲ. ಓದದ ಮೇಲೆ ನಿಮ್ಮ ಕೆನಾನಿಕಲ್ ಗುರುತೂ ಅದಕ್ಕೆ ಕಾಣದು. ಜಾಣರೂ ಎಡವುವ ಜಾಗ ಇದು.

6. ಜನ ಬರೆಯುವಂತೆಯೇ ಬರೆಯಿರಿ. ಇಂಗ್ಲಿಷಿನಲ್ಲಿ ಸುರಪುರಕ್ಕೇ ‘ಸುರ್ಪುರ್’, ‘ಶೋರಾಪುರ್’ ಎಂದು ಹಲವು ಕಾಗುಣಿತ. ಕಾಗುಣಿತವಷ್ಟೇ ಅಲ್ಲ, ಗಡಿಗಳೂ ಬದಲಾಗುತ್ತವೆ: ಯಾದಗಿರಿ 2010ರ ಹೊತ್ತಿಗೆ ಕಲಬುರಗಿಯಿಂದ ಬೇರೆಯಾಗಿ 30ನೇ ಜಿಲ್ಲೆಯಾಯಿತು. ಆಮೇಲೆ ಸುರಪುರದಿಂದ ಹುಣಸಗಿ, ಶಹಾಪುರದಿಂದ ವಡಗೇರಾ ತಾಲ್ಲೂಕುಗಳು ಒಡೆದವು. ತಾಲ್ಲೂಕಿನ ಪಟ್ಟಿಯಿರುವ ಸಾಫ್ಟ್‌ವೇರಾದರೆ ಯಾವ ಆವೃತ್ತಿಯಲ್ಲಿ ಯಾವ ತಾಲ್ಲೂಕು ಸೇರಿತು ಎಂಬುದು ಶೀರ್ಷಿಕೆಯಲ್ಲೇ ಇರಲಿ. ಇನ್ನೊಂದು, ಬರಹ ಯೂನಿಕೋಡ್‌ನಲ್ಲೇ ಇರಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಏರಿಸಿದರೆ ಗೂಗಲ್‌ಗೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಉಳಿದ ಸೂತ್ರಗಳೆಲ್ಲ ಆಗ ದಂಡ.

7. ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದು, ಯಾವ ಪದ ಹುಡುಕಿದವರು ಯಾವ ಪುಟಕ್ಕೆ ಬಂದರು ನೋಡಿ. ಹೆಚ್ಚು ಜನ ಬರುತ್ತಿರುವ ಹಳೆ ಪುಟದಿಂದಲೇ ರಿಪೇರಿ ಶುರುಮಾಡಿ. ಫಲ ಕಾಣಲು ಕೆಲವು ವಾರ ಬೇಕು. ಮರುದಿನವೇ ಗುರುತು ಕಿತ್ತುಹಾಕಬೇಡಿ.