ಗಡಿಯ ಚಳಿಗೆ ರಮ್ ಮದ್ದೇ?

ನಿವೃತ್ತ ಹವಾಲ್ದಾರರೊಬ್ಬರು ರಕ್ತದೊತ್ತಡ ತೋರಿಸಲು ಬಂದಿದ್ದರು. "ದಿನಾ ಎಷ್ಟು ತಗೋತೀರಿ?" ಎಂದೆ. "ಸಿಯಾಚಿನ್‌ನಲ್ಲಿ ಸರ್ಕಾರವೇ ಕಲಿಸಿದ ರೂಢಿ ಡಾಕ್ಟ್ರೇ. ಅದಿಲ್ಲದಿದ್ದರೆ ಅಲ್ಲೇ ಹೆಪ್ಪುಗಟ್ಟಿಬಿಡ್ತಿದ್ದೆವು" ಎಂದು ನಕ್ಕರು.

ಅವರನ್ನು ಕಾಪಾಡಿದ್ದು ಉಣ್ಣೆಯ ಬಟ್ಟೆ ಮತ್ತು ಬಿಸಿ ಊಟ, ರಮ್ ಅಲ್ಲ. ಮದ್ಯ ಸೇವಿಸಿದೊಡನೆ ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಬೆಚ್ಚಗಾದಂತೆ ಅನಿಸುತ್ತದೆ. ಆದರೆ ಆ ಬಿಸಿ ಒಳಗಿನ ಅಂಗಗಳಿಂದ ಬಂದು ಹೊರಗೆ ಸೋರಿಹೋಗುವ ಶಾಖ. ದೇಹ ತನ್ನನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ನಡುಕವೂ ತಗ್ಗುತ್ತದೆ. ಆಮ್ಲಜನಕ ವಿರಳವಾದ ಎತ್ತರದಲ್ಲಿ ನಿದ್ದೆಯ ಉಸಿರಾಟ ಇನ್ನಷ್ಟು ಮಂದವಾಗುತ್ತದೆ. (ನೆಗಡಿಯಾದ ಮಗುವಿಗೆ ಚಮಚ ಬ್ರಾಂದಿ ಕುಡಿಸುವವರೂ ಇದನ್ನು ಗಮನಿಸಬೇಕು. ಮಕ್ಕಳಲ್ಲಿ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.)

ನೈತಿಕ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಮನೆಯಲ್ಲಿ ಕುಡಿದವನ ಕೈಯಲ್ಲಿ ಬಂದೂಕು ಇರುವುದಿಲ್ಲ. 60 ಮಿ.ಲೀ. ರಮ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೊಹಾಲ್ ಇರುತ್ತದೆ. ಅದನ್ನು ಕರಗಿಸಲು ಯಕೃತ್ತಿಗೆ ಎರಡು ಮೂರು ಗಂಟೆ ಬೇಕು. ಅಷ್ಟರಲ್ಲಿ ಭಯದ ಜೊತೆಗೆ ವಿವೇಚನೆಯೂ ಕುಗ್ಗಿರುತ್ತದೆ. ಎದುರಿಗಿರುವವನು ಶತ್ರುವೋ ಊರಿನ ರೈತನೋ ಎಂದು ಅರೆಕ್ಷಣದಲ್ಲಿ ತೀರ್ಮಾನಿಸಬೇಕಾದವನ ಸ್ಥಿತಿ ಇದು. ಬ್ರಿಟಿಷ್ ನೌಕಾಪಡೆ ಮೂರು ಶತಮಾನಗಳ ರಮ್ ಪಡಿಯನ್ನು 1970ರ ಜುಲೈ 31ರಂದು ನಿಲ್ಲಿಸಿತು. ಸೂಕ್ಷ್ಮ ಯಂತ್ರಗಳನ್ನು ನಡೆಸುವವರಿಗೆ ಅದು ತಕ್ಕದ್ದಲ್ಲ ಎಂಬುದೇ ಕಾರಣ. 1990ರಲ್ಲಿ ಕೊಲ್ಲಿಗೆ ಹೋದ ಅಮೆರಿಕದ ಸೈನಿಕರಿಗೂ ಮದ್ಯ ನಿಷಿದ್ಧವಾಗಿತ್ತು. ಅಲ್ಲಿ ಸೌದಿ ಅರೇಬಿಯಾದ ಕಾನೂನು, ಧರ್ಮಗಳ ಕಾರಣವೂ ಇತ್ತು.

ಹಾಗೆಂದು ಬೆಚ್ಚಗೆ ಕುಳಿತ ನಾವು ಹಿಮದಲ್ಲಿ ನಿಂತವನಿಗೆ ಉಪದೇಶ ಮಾಡುವುದು ನನಗೂ ಮುಜುಗರವೇ. ಕಾವಲಿನಿಂದ ಇಳಿದು ವಿಶ್ರಾಂತಿ ಶಿಬಿರಕ್ಕೆ ಬಂದವನು ಗೆಳೆಯರೊಡನೆ ಒಂದು ಪೆಗ್ ಕುಡಿದರೆ ಅವನನ್ನು ತಪ್ಪಿತಸ್ಥ ಎನ್ನಲಾರೆ. ನನ್ನ ತಕರಾರು ಬೇರೆ. ಭಯ, ನಿದ್ರಾಹೀನತೆ, ಸತ್ತ ಗೆಳೆಯನ ನೆನಪು ಇವುಗಳಿಗೆ ಮದ್ಯವೇ ಮದ್ದಾದಾಗ ಕಾಯಿಲೆ ಮುಚ್ಚಿಹೋಗುತ್ತದೆ. ಹೇಳಿಕೊಂಡರೆ ವೈದ್ಯಕೀಯ ದರ್ಜೆ ಇಳಿದು ಬಡ್ತಿ ತಪ್ಪೀತೆಂಬ ಅಂಜಿಕೆಯಿಂದ ಜವಾನ ಬಾಯಿ ಬಿಡುವುದಿಲ್ಲ. ಇದರ ಹೊಣೆ ಅವನೊಬ್ಬನದೇ ಅಲ್ಲ, ಅವನನ್ನು ಅಲ್ಲಿಗೆ ಕಳುಹಿಸಿದವರದೂ ಹೌದು.

ಹವಾಲ್ದಾರರು ಒಮ್ಮೆ ಹಟದಿಂದ ಪೂರ್ತಿ ಬಿಟ್ಟಿದ್ದರಂತೆ. ಎರಡನೇ ದಿನ ಕೈ ನಡುಗಿ, ಫಿಟ್ಸ್ ಬಂದಿತ್ತೆಂದು ಜೊತೆಗೆ ಬಂದಿದ್ದ ಅವರ ಹೆಂಡತಿ ಹೇಳಿದರು. ಬಹಳ ಕಾಲ ದಿನವೂ ಕುಡಿದವರು ಏಕಾಏಕಿ ನಿಲ್ಲಿಸಿದರೆ ಹೀಗಾಗಬಹುದು, ಪ್ರಾಣಕ್ಕೂ ಅಪಾಯ. ರಜೆಗೆ ಬಂದ ಮಗನಲ್ಲೋ ಗಂಡನಲ್ಲೋ ಇಂಥ ನಡುಕ, ಬೆವರು, ಗಲಿಬಿಲಿ ಕಂಡರೆ ಬಯ್ಯುತ್ತಾ ಕೂರಬೇಡಿ, ಆಸ್ಪತ್ರೆಗೆ ಕರೆತನ್ನಿ. ಔಷಧಿ ಮತ್ತು ಬಿ-1 ಜೀವಸತ್ವದ ಇಂಜೆಕ್ಷನ್‌ನೊಂದಿಗೆ ಬಿಡಿಸಬಹುದು. ಹವಾಲ್ದಾರರು ಬರುವ ಸೋಮವಾರ ದಾಖಲಾಗಲು ಒಪ್ಪಿದ್ದಾರೆ.