ಆಪರೇಷನ್ ಆದ ಮೇಲೆ ಕೀಟೋ ಊಟ: ತುಪ್ಪ ಬೇಕಾದಷ್ಟಿತ್ತು, ಪ್ರೋಟೀನ್ ಸಾಲಲಿಲ್ಲ



ಯಾವಾಗಲೂ ಗಿಡದ ಊಟದ ಬಗ್ಗೆ ಬರೀತಿದ್ದೆ. ಈ ವಾರ ಗಿಡ ಬೆಳೆಸೋನ ಊಟದ ಬಗ್ಗೆ ಬರೀತಿದ್ದೀನಿ. ನಾನು ಮಾಡಿದ ತಪ್ಪನ್ನ ನೀವು ಮಾಡಬಾರದು ಅನ್ನೋದೇ ಇದರ ಉದ್ದೇಶ.

ಕಳೆದ ನವೆಂಬರ್‌ನಲ್ಲಿ ನನಗೆ ಹರ್ನಿಯಾ ಆಪರೇಷನ್ ಆಯ್ತು. ತಿಪಟೂರು ಕಡೆಯ ತೆಂಗಿನ ತೋಟದೋರಿಗೆ ಇದೇನು ಹೊಸ ಸುದ್ದಿ ಅಲ್ಲ. ಕಾಯಿ ಮೂಟೆ, ಹಿಂಡಿ ಚೀಲ ಎತ್ತಿ ಎತ್ತಿ ನಮ್ಮೂರಲ್ಲೇ ನಾಲ್ಕು ಜನಕ್ಕೆ ಆಗಿದೆ. ಆದರೆ ನನ್ನದು ಸ್ವಲ್ಪ ಬೇರೆ ಕಥೆ. ಅದಕ್ಕೆ ಐದು ತಿಂಗಳ ಮುಂಚಿನಿಂದ ನಾನು ಕೀಟೋ ಡಯಟ್ ಮಾಡ್ತಿದ್ದೆ. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ ಅಂತ ರಕ್ತ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಮುದ್ದೆ, ಅನ್ನ, ಬೇಳೆ ಎಲ್ಲ ಬಿಟ್ಟೆ. 84 ಕೆ.ಜಿ. ಇದ್ದೋನು 72ಕ್ಕೆ ಇಳಿದೆ. ಹಾಗಾಗಿ ಆಪರೇಷನ್ ಆದ ಮೇಲೂ ಅದೇ ಊಟ ಮುಂದುವರಿಸಿದೆ.

ಹತ್ತನೇ ದಿನ ತೋರಿಸೋಕೆ ಹೋದಾಗ ಗಾಯದ ಒಂದು ತುದಿ ಇನ್ನೂ ಕೂಡಿರಲಿಲ್ಲ. ಕೀವು ಇಲ್ಲ, ಜ್ವರ ಇಲ್ಲ, ಆದ್ರೆ ತೆಳ್ಳಗೆ ನೀರು ಒಸರ್ತಿತ್ತು. ಬಚ್ಚಲಿಗೆ ಹೋಗಿ ಬರೋಷ್ಟರಲ್ಲಿ ಕಾಲು ನಡುಗೋದು. ಮನೇಲಿ ರಾಗಿ ಕೊಯ್ಲು ಶುರುವಾಗಿತ್ತು. 68 ವರ್ಷದ ಅಪ್ಪ ನನ್ನ ಪಾಲಿನ ಹೊರೆನೂ ಹೊರ್ತಿದ್ರು. ನಾನು ಮಂಚದ ಮೇಲೆ ಕೂತು ನೋಡ್ತಿದ್ದೆ.

ಡಾಕ್ಟ್ರು ಒಂದೇ ಪ್ರಶ್ನೆ ಕೇಳಿದ್ರು: "ಏನ್ ತಿಂತಾ ಇದೀರ?" ನಾನು ಹೆಮ್ಮೆಯಿಂದ "ಕೀಟೋ ಸರ್" ಅಂದೆ. ಅವರು ಆಹಾರ ತಜ್ಞೆ ಹತ್ರ ಕಳಿಸಿದ್ರು. ಆಯಮ್ಮ ಪೆನ್ನು ಹಿಡಿದು "ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ತಿಂದಿದ್ದನ್ನ ಒಂದೂ ಬಿಡದೆ ಹೇಳಿ" ಅಂದ್ರು.

ನನ್ನ ಆ ದಿನದ ಲೆಕ್ಕ

- ಬೆಣ್ಣೆ ಹಾಕಿದ ಕಾಫಿ: ಇಲ್ಲವೇ ಇಲ್ಲ ಅನ್ನಬಹುದು
- ತೆಂಗಿನಕಾಯಿ, ಚಟ್ನಿಯೂ ಸೇರಿ 60 ಗ್ರಾಂ: ಸುಮಾರು 2 ಗ್ರಾಂ ಪ್ರೋಟೀನ್
- ಪನೀರ್ 50 ಗ್ರಾಂ: 9 ಗ್ರಾಂ
- ತುಪ್ಪದಲ್ಲಿ ಮಾಡಿದ ಸೊಪ್ಪಿನ ಪಲ್ಯ: 3 ಗ್ರಾಂ
- ಕಡಲೆಕಾಯಿ ಬೀಜ ಒಂದು ಹಿಡಿ, 30 ಗ್ರಾಂ: 7 ಗ್ರಾಂ
- ಮೊಸರು ಒಂದು ಬಟ್ಟಲು: 5 ಗ್ರಾಂ
- ಬಾದಾಮಿ ಹತ್ತು: 2 ಗ್ರಾಂ

ಒಟ್ಟು 28 ಗ್ರಾಂ. ನನಗೆ ಬೇಕಾಗಿದ್ದು ಸುಮಾರು 90.

ಹೊಟ್ಟೆ ತುಂಬಿತ್ತು, ಹಸಿವೂ ಆಗ್ತಿರಲಿಲ್ಲ. ಅದೇ ಮೋಸ. ಕೊಬ್ಬು ಹಸಿವನ್ನ ಕಟ್ಟಿಹಾಕುತ್ತೆ. ತೆಂಗಿನ ಸೀಮೆಯಲ್ಲಿ ಸಸ್ಯಾಹಾರಿ ಕೀಟೋ ಅಂದ್ರೆ ನಮ್ಮ ಕೈ ತಾನಾಗೇ ಕಾಯಿ, ತುಪ್ಪ, ಬೆಣ್ಣೆ ಕಡೆ ಹೋಗುತ್ತೆ. 100 ಗ್ರಾಂ ಹಸಿ ತೆಂಗಿನಕಾಯಿಯಲ್ಲಿ ಕೊಬ್ಬು ಸುಮಾರು 33 ಗ್ರಾಂ ಇದ್ರೆ, ಪ್ರೋಟೀನ್ 3ರಿಂದ 4 ಗ್ರಾಂ ಅಷ್ಟೇ. ತುಪ್ಪದಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ.

ಗಾಯಕ್ಕೆ ಪ್ರೋಟೀನ್ ಯಾಕೆ ಬೇಕು?

ಮಾವಿನ ಕಸಿ ಕಟ್ಟಿದೋರಿಗೆ ಇದು ಬೇಗ ಅರ್ಥ ಆಗುತ್ತೆ. ಕತ್ತರಿಸಿದ ಎರಡು ಮುಖದ ಮಧ್ಯೆ ಹೊಸ ಜೀವಕೋಶ ಬೆಳೆದು ತುಂಬಿಕೊಂಡ್ರೆ ಮಾತ್ರ ಕಸಿ ಕೂಡೋದು. ನಮ್ಮ ಚರ್ಮ, ಅದರ ಕೆಳಗಿನ ಪದರಗಳೂ ಹಾಗೇ. ಗಾಯವನ್ನ ಹಿಡಿದು ನಿಲ್ಲಿಸೋ ಕೊಲಾಜೆನ್ ಒಂದು ಪ್ರೋಟೀನ್. ಸೋಂಕಿನ ವಿರುದ್ಧ ಹೋರಾಡೋ ಆಂಟಿಬಾಡಿಗಳೂ ಪ್ರೋಟೀನೇ.

ಊಟದಲ್ಲಿ ಅದು ಸಿಗದಿದ್ರೆ ದೇಹ ಎಲ್ಲಿಂದ ತರುತ್ತೆ? ತೊಡೆ, ತೋಳಿನ ಸ್ನಾಯುವಿನಿಂದ. ಆಪರೇಷನ್ ಆದಾಗ ದೇಹ ಮೊದಲೇ ಸ್ನಾಯು ಕರಗಿಸ್ತಿರುತ್ತೆ, ಮಲಗಿರೋದ್ರಿಂದ ಅದು ಇನ್ನೂ ಜಾಸ್ತಿ. ಕೀಟೋದಲ್ಲಿ ಇನ್ನೊಂದು ಖರ್ಚೂ ಇದೆ. ಪಿಷ್ಟ ಕಮ್ಮಿ ಆದಾಗ, ದೇಹಕ್ಕೆ ಬೇಕೇ ಬೇಕಾದ ಒಂದಿಷ್ಟು ಗ್ಲೂಕೋಸನ್ನ ಲಿವರ್ ತಾನೇ ತಯಾರಿಸುತ್ತೆ, ಅದಕ್ಕೂ ಸ್ವಲ್ಪ ಪ್ರೋಟೀನ್ ಬಳಕೆ ಆಗುತ್ತೆ. ನನ್ನ ಕಾಲು ನಡುಗ್ತಿದ್ದಿದ್ದು ಸುಮ್ಮನೆ ಅಲ್ಲ.

ನಾವು ಗೊಬ್ಬರದಲ್ಲಿ ನೋಡೋ ಸಾರಜನಕಕ್ಕೂ ಇದಕ್ಕೂ ನೇರ ನಂಟಿದೆ. ಆಹಾರದ ಸಾರಜನಕವನ್ನ 6.25ರಿಂದ ಗುಣಿಸಿದ್ರೆ ಪ್ರೋಟೀನ್ ಅಂದಾಜು ಸಿಗುತ್ತೆ. ಕಡಲೆಕಾಯಿ ಹಿಂಡಿಯಲ್ಲಿ ಸುಮಾರು 7% ಸಾರಜನಕ ಅಂದ್ರೆ ಸುಮಾರು 44% ಪ್ರೋಟೀನ್. ಗಿಡಕ್ಕೆ ಸಾರಜನಕ ಎಷ್ಟು ಅಂತ ಚೀಲ ತಿರುಗಿಸಿ ಓದೋ ನಾನು, ನನ್ನ ತಟ್ಟೆಯಲ್ಲಿ ಎಷ್ಟಿದೆ ಅಂತ ಒಂದು ದಿನವೂ ನೋಡಿರಲಿಲ್ಲ.

ಎಷ್ಟು ಬೇಕು?

ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಅಂತ ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿವೆ. ಆಪರೇಷನ್ ಆದೋರಿಗೆ ಸಾಮಾನ್ಯವಾಗಿ 1.2ರಿಂದ 1.5 ಗ್ರಾಂ ಹೇಳ್ತಾರೆ. 72 ಕೆ.ಜಿ. ತೂಕದ ನನಗೆ ಮಾಮೂಲಿ ದಿನಕ್ಕೆ 60 ಗ್ರಾಂ, ಗಾಯ ಮಾಗೋ ದಿನಗಳಲ್ಲಿ 86ರಿಂದ 108 ಗ್ರಾಂ. ತೂಕ ತುಂಬಾ ಜಾಸ್ತಿ ಇದ್ರೆ ಎತ್ತರಕ್ಕೆ ತಕ್ಕ ತೂಕ ಇಟ್ಕೊಂಡು ಲೆಕ್ಕ ಹಾಕ್ತಾರೆ.

ಒಂದು ಎಚ್ಚರಿಕೆ: ಕಿಡ್ನಿ ತೊಂದರೆ ಇರೋರು ಈ ಲೆಕ್ಕ ನೋಡಿ ಪ್ರೋಟೀನ್ ಏರಿಸಬೇಡಿ. ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿ, ಡಾಕ್ಟ್ರು ಹೇಳಿದಷ್ಟೇ ತಗೊಳ್ಳಿ.

ಬೇಳೆ ಯಾಕೆ ಕೀಟೋಗೆ ಒಗ್ಗಲ್ಲ?

ನಮ್ಮ ಪ್ರೋಟೀನ್ ಅಂದ್ರೆ ತೊಗರಿ, ಹುರುಳಿ, ಅವರೆ, ಅಲಸಂದೆ. 100 ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಜೊತೆಗೆ 55 ಗ್ರಾಂಗೂ ಹೆಚ್ಚು ಪಿಷ್ಟ ಇದೆ. ಹುರುಳಿನೂ ಹೆಚ್ಚುಕಮ್ಮಿ ಅಷ್ಟೇ. ಕೀಟೋದಲ್ಲಿ ಇಡೀ ದಿನಕ್ಕೆ ಸಿಗೋ ಪಿಷ್ಟ 20ರಿಂದ 50 ಗ್ರಾಂ. ಅಂದ್ರೆ ಬೇಳೆಯಿಂದ ಒಂದು ಹೊತ್ತಿನ ಪ್ರೋಟೀನ್ ತಗೊಂಡ್ರೆ ದಿನದ ಕೋಟಾ ಅಲ್ಲಿಗೇ ಮುಗೀತು. ಹಾಲೂ ಹಾಗೇ: 20 ಗ್ರಾಂ ಪ್ರೋಟೀನ್‌ಗೆ ಅರ್ಧ ಲೀಟರ್‌ಗಿಂತ ಹೆಚ್ಚು ಕುಡೀಬೇಕು, ಆಗ ಸಕ್ಕರೆ ಅಂಶವೂ 30 ಗ್ರಾಂ ಹತ್ರ ಬರುತ್ತೆ.

ಮಾಂಸ ತಿನ್ನೋರಿಗೆ ಈ ಕಷ್ಟ ಇಲ್ಲ. ಬೇಯಿಸಿದ ಮೂಳೆ ಇಲ್ಲದ ಕೋಳಿ 100 ಗ್ರಾಂಗೆ 25 ಗ್ರಾಂ ಮೇಲೆ, ಮೀನು 100 ಗ್ರಾಂಗೆ 18ರಿಂದ 20 ಗ್ರಾಂ, ಪಿಷ್ಟ ಇಲ್ಲವೇ ಇಲ್ಲ. ಸಸ್ಯಾಹಾರಿಗಳಿಗೆ ಉಳಿಯೋದು ಪನೀರ್, ಕಟ್ಟಿದ ಮೊಸರು, ಸೋಯಾ, ಕಡಲೆಕಾಯಿ, ಕುಂಬಳ ಬೀಜ. ಮೊಟ್ಟೆ ತಿಂದ್ರೆ ಅದೂ ಸೇರುತ್ತೆ.

ನುಗ್ಗೆ ಸೊಪ್ಪಿನ ಪುಡಿ ಬಗ್ಗೆ ವಾಟ್ಸಾಪ್‌ನಲ್ಲಿ ಬರೋದನ್ನ ನಂಬಿ ಕೂರಬೇಡಿ. ಒಣಪುಡಿಯಲ್ಲಿ 100 ಗ್ರಾಂಗೆ 25 ಗ್ರಾಂ ಮೇಲೆ ಪ್ರೋಟೀನ್ ಇರೋದು ನಿಜ. ಆದ್ರೆ ನಾವು ತಿನ್ನೋದು ಒಂದು ಚಮಚ, 5 ಗ್ರಾಂ. ಅದರಲ್ಲಿ ಸಿಗೋದು 1 ಗ್ರಾಂ ಚಿಲ್ಲರೆ.

ಬದಲಾಯಿಸಿದ ಮೇಲೆ ನನ್ನ ಒಂದು ದಿನ

- ಬೆಳಿಗ್ಗೆ: ಮೂರು ಮೊಟ್ಟೆ (18 ಗ್ರಾಂ), ಹುರಿದ ಕುಂಬಳ ಬೀಜ 20 ಗ್ರಾಂ (6 ಗ್ರಾಂ)
- ಮಧ್ಯಾಹ್ನ: ಪನೀರ್ 100 ಗ್ರಾಂ (18 ಗ್ರಾಂ), ಸೊಪ್ಪಿನ ಪಲ್ಯ (3 ಗ್ರಾಂ)
- ಸಂಜೆ: ಅರ್ಧ ಲೀಟರ್ ಮೊಸರನ್ನ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ್ದು (ಸುಮಾರು 12 ಗ್ರಾಂ), ಕಡಲೆಕಾಯಿ ಬೀಜ 40 ಗ್ರಾಂ (10 ಗ್ರಾಂ)
- ರಾತ್ರಿ: ಸೋಯಾ ಚಂಕ್ಸ್ ಒಣತೂಕ 30 ಗ್ರಾಂ (15 ಗ್ರಾಂ), ಪನೀರ್ 50 ಗ್ರಾಂ (9 ಗ್ರಾಂ), ಹೂಕೋಸು ಅಥವಾ ಬೀನ್ಸ್

ಒಟ್ಟು 91 ಗ್ರಾಂ. ಪಿಷ್ಟ ಹೆಚ್ಚುಕಮ್ಮಿ 50 ಗ್ರಾಂ ಒಳಗೇ ನಿಂತಿತು. ಮೊಟ್ಟೆ ಬೇಡ ಅನ್ನೋರು 50 ಗ್ರಾಂ ಪನೀರ್, 20 ಗ್ರಾಂ ಸೋಯಾ ಸೇರಿಸಿಕೊಂಡ್ರೆ ಅಷ್ಟೇ ಸಿಗುತ್ತೆ.

ನಮ್ಮ ಅಡುಗೆಮನೆಗೆ ಮೊಟ್ಟೆ ಬರೋ ಹಾಗಿಲ್ಲ. ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ "ಪಂಪ್‌ಸೆಟ್ ಮನೇಲಿ ಬೇಯಿಸ್ಕೊಳ್ಳಿ, ಆ ಪಾತ್ರೆ ಮಾತ್ರ ಒಳಗೆ ತರಬೇಡಿ" ಅಂದ್ರು. ನನ್ನ ಹೆಂಡತಿ ಚಿಕ್ಕ ಸ್ಟೌ ಒಂದನ್ನ ಅಲ್ಲಿಟ್ಟು ಬೇಯಿಸಿ ತರೋಳು. ನಿಮ್ಮ ಮನೇಲೂ ಇಂಥ ಮಾತು ಬಂದೇ ಬರುತ್ತೆ. ಜಗಳ ಬೇಡ, ಡಾಕ್ಟ್ರು ಬರೆದುಕೊಟ್ಟ ಚೀಟಿ ತೋರಿಸಿ.

ಒಂದೇ ಸಲ ಸುರೀಬೇಡಿ

ವರ್ಷದ ಗೊಬ್ಬರವನ್ನ ಒಂದೇ ದಿನ ಬುಡಕ್ಕೆ ಹಾಕಿದ್ರೆ ಗಿಡ ತಗೊಳ್ಳಲ್ಲ, ಅದಕ್ಕೇ ಕಂತು ಮಾಡಿ ಕೊಡ್ತೀವಿ. ಇಲ್ಲೂ ಹಾಗೇ ಮಾಡಿ. ಪ್ರತಿ ಹೊತ್ತಿಗೆ 20ರಿಂದ 30 ಗ್ರಾಂನಂತೆ ನಾಲ್ಕು ಹೊತ್ತಿಗೆ ಹಂಚಿದ್ರೆ ಸ್ನಾಯು ಕಟ್ಟೋಕೆ ಅನುಕೂಲ, ಆಪರೇಷನ್ ಆದ ಹೊಟ್ಟೆಗೂ ಭಾರ ಆಗಲ್ಲ.

ಇನ್ನು ಮೂರು ವಿಷಯ:

1. ವಿಟಮಿನ್ ಸಿ ಇಲ್ಲದೆ ಕೊಲಾಜೆನ್ ಸರಿಯಾಗಿ ಕಟ್ಟಲ್ಲ. ಕೀಟೋ ಅಂತ ಹಣ್ಣು ಪೂರ್ತಿ ಬಿಟ್ಟಿದ್ದೆ. ಒಂದು ನೆಲ್ಲಿಕಾಯಿ ಅಥವಾ ಅರ್ಧ ಸೀಬೆಹಣ್ಣು ಸಾಕು, ಪಿಷ್ಟವೂ ಕಮ್ಮಿ.
2. ಮಲಬದ್ಧತೆ ಬರದ ಹಾಗೆ ನೋಡ್ಕೊಳ್ಳಿ. ಕೀಟೋದಲ್ಲಿ ನಾರು ಕಮ್ಮಿ, ಕೆಲವು ನೋವಿನ ಮಾತ್ರೆಗಳಿಂದಲೂ ಹೊಟ್ಟೆ ಕಟ್ಟುತ್ತೆ. ಹರ್ನಿಯಾ ಹೊಲಿಗೆ ಇಟ್ಕೊಂಡು ಮುಕ್ಕರಿಯೋದು ಅಪಾಯ. ಸೊಪ್ಪು, ಅಗಸೆ ಪುಡಿ, ಸಾಕಷ್ಟು ನೀರು ಇರಲಿ.
3. ಕೊಬ್ಬನ್ನ ಪೂರ್ತಿ ಇಳಿಸಬೇಡಿ. ಶಕ್ತಿ ಸಾಲದಿದ್ರೆ ದೇಹ ಪ್ರೋಟೀನನ್ನೇ ಸೌದೆ ಮಾಡ್ಕೊಳ್ಳುತ್ತೆ. ಆದ್ರೆ ಪಿತ್ತಕೋಶ ತೆಗೆಸಿದೋರಿಗೆ ಶುರುವಿನಲ್ಲಿ ಜಾಸ್ತಿ ಕೊಬ್ಬು ಭೇದಿ ಮಾಡಿಸಬಹುದು, ಅವರು ಡಾಕ್ಟರನ್ನ ಕೇಳಿಯೇ ಮುಂದುವರಿಯಿರಿ.

ಆಪರೇಷನ್‌ಗೆ ಮುಂಚೆಯೇ ಹೇಳಬೇಕಾದ ಮಾತು

ನಾನು ಕೀಟೋದಲ್ಲಿದ್ದೀನಿ ಅಂತ ಆಪರೇಷನ್‌ಗೆ ಮೊದಲು ಹೇಳಿರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀವು ಹೇಳಲೇಬೇಕು. ಮುಖ್ಯವಾಗಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳೋರು. ಈ ಮಾತ್ರೆ, ಕೀಟೋ ಊಟ, ಆಪರೇಷನ್‌ನ ಉಪವಾಸ ಮೂರೂ ಒಟ್ಟಿಗೆ ಸೇರಿದ್ರೆ ರಕ್ತದಲ್ಲಿ ಆಮ್ಲ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಮೀಟರ್‌ನಲ್ಲಿ ಶುಗರ್ ಹೆಚ್ಚುಕಮ್ಮಿ ನಾರ್ಮಲ್ ತೋರಿಸ್ತಿದ್ರೂ ಹೀಗಾಗಬಹುದು, ಹಾಗಾಗಿ ಗೊತ್ತಾಗೋದು ತಡ. ಈ ಮಾತ್ರೆಗಳನ್ನ ಸಾಮಾನ್ಯವಾಗಿ ಆಪರೇಷನ್‌ಗೆ ಕನಿಷ್ಠ ಮೂರು ದಿನ ಮುಂಚೆ ಡಾಕ್ಟ್ರೇ ನಿಲ್ಲಿಸ್ತಾರೆ. ನೀವಾಗೇ ನಿಲ್ಲಿಸಬೇಡಿ. ಮಾತ್ರೆ ಚೀಟಿಯ ಫೋಟೋ ಮೊಬೈಲಲ್ಲಿ ಇಟ್ಕೊಂಡು ಹೋಗಿ ತೋರಿಸಿ.

ಗಾಯ ಕೆಂಪಾಗೋದು, ಊದೋದು, ಕೀವು, ಜ್ವರ ಕಂಡ್ರೆ ಊಟ ಬದಲಾಯಿಸ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಹಾಗಾದ್ರೆ ಕೀಟೋ ಬಿಡಬೇಕಾ?

ನಾನು ಮೂರನೇ ವಾರಕ್ಕೆ ಬಿಟ್ಟೆ. ದಿನಾ ಪನೀರು, ಸೋಯಾ ತಿಂದು ಸಾಕಾಗಿತ್ತು, ಖರ್ಚೂ ಏರ್ತಿತ್ತು. ಎರಡು ದಿನ ಲೆಕ್ಕ 60ಕ್ಕೇ ನಿಂತಿತು. ಆಹಾರ ತಜ್ಞೆಗೆ ಫೋನ್ ಮಾಡಿದಾಗ ಹೇಳಿದ್ರು: "ಪ್ರೋಟೀನ್ ತಲುಪೋಕೆ ಆಗದಿದ್ರೆ ಬಿಡಬೇಕಾದ್ದು ಕೀಟೋನ, ಪ್ರೋಟೀನ್ ಅಲ್ಲ. ತೂಕ ಆಮೇಲೆ ಇಳಿಸಬಹುದು." ಅವತ್ತು ರಾತ್ರಿ ಅವ್ವ ಹುರುಳಿ ಕಟ್ಟಿನ ಸಾರು ಮಾಡಿದ್ರು, ಜೊತೆಗೆ ಬೇಯಿಸಿದ ಕಾಳು. ಅನ್ನ ತಗೊಳ್ಳಲಿಲ್ಲ, ಅರ್ಧ ಮುದ್ದೆ ತಿಂದೆ. ಶುಗರ್ ವಾರಕ್ಕೆರಡು ಸಲ ನೋಡ್ಕೊಳ್ತಿದ್ದೆ, ಗಾಬರಿ ಆಗೋಷ್ಟು ಏರಲಿಲ್ಲ.

ಗಾಯ ನಾಲ್ಕನೇ ವಾರದ ಹೊತ್ತಿಗೆ ಪೂರ್ತಿ ಒಣಗಿತು. ಎಲ್ಲಾ ಪ್ರೋಟೀನಿಂದಲೇ ಅಂತ ನಾನು ಹೇಳಲ್ಲ, ದಿನ ಕಳೆದ ಹಾಗೆ ಮಾಗೋದೂ ಇದೆ. ಕಾಲು ನಡುಗೋದು ನಿಂತಿದ್ದಂತೂ ಊಟ ಬದಲಾಯಿಸಿದ ಒಂದು ವಾರಕ್ಕೇ ಗೊತ್ತಾಯ್ತು. ಭಾರ ಎತ್ತೋಕೆ ಡಾಕ್ಟ್ರು ಒಪ್ಪಿದ್ದು ಆರು ವಾರ ಆದ ಮೇಲೆ. ಅಷ್ಟರಲ್ಲಿ ಅಪ್ಪ ರಾಗಿ ಮೆದೆ ಒಟ್ಟಿ ಮುಗಿಸಿದ್ರು.

ನಿಮ್ಮಲ್ಲಿ ಯಾರಿಗಾದ್ರೂ, ಮನೇಲಿ ಯಾರಿಗಾದ್ರೂ ಆಪರೇಷನ್ ದಿನ ಗೊತ್ತಾಗಿದ್ರೆ ಇವತ್ತೇ ಒಂದು ಕೆಲಸ ಮಾಡಿ. ಮೊಬೈಲಲ್ಲಿ ನೋಟ್ಸ್ ತೆಗೆದು, ನಿನ್ನೆ ತಿಂದಿದ್ದನ್ನೆಲ್ಲ ಬರೆದು, ಮೇಲಿನ ಅಂಕಿ ಹಾಕಿ ಕೂಡಿಸಿ. ಪಕ್ಕದಲ್ಲಿ ತೂಕವನ್ನ 1.2ರಿಂದ ಗುಣಿಸಿ ಬರೀರಿ. ಎರಡರ ಮಧ್ಯೆ ಎಷ್ಟು ಅಂತರ ಇದೆಯೋ ಅದನ್ನ ಡಾಕ್ಟರಿಗೆ ತೋರಿಸಿ ಕೇಳಿ. ನನ್ನದು ಗೊತ್ತಾಗಿದ್ದು ಹೊಲಿಗೆ ಹಾಕಿ ಹತ್ತು ದಿನ ಆದ ಮೇಲೆ. ನಿಮ್ಮದು ಮುಂಚೆಯೇ ಗೊತ್ತಾಗಲಿ.